ಕಾಲಿಗೆ ತಳ ಸಿಗುವ ಜಾಗ

ಬೇಸಿಗೆಯಲ್ಲಿ ಕೆರೆ ಬತ್ತಿತೆಂದರೆ ನಮ್ಮ ಬಿಂಡಿಗನವಿಲೆ ಸೀಮೆಯಲ್ಲಿ ಗೋಡು ಹೊಡೆಯುವ ಕೆಲಸ ಶುರುವಾಗುತ್ತಿತ್ತು. ಕೆರೆಯಂಗಳದ ಕಪ್ಪು ಮಣ್ಣನ್ನು ಗಾಡಿಗೆ ತುಂಬಿ ಹೊಲಕ್ಕೆ ಸುರಿಯುವುದು. ಹತ್ತು ಹನ್ನೊಂದರ ವಯಸ್ಸಿನಲ್ಲಿ ಒಮ್ಮೆ ಖಾಲಿ ಗಾಡಿ ಹೊಡೆಯುವ ಹಕ್ಕು ನನಗೆ ಸಿಕ್ಕಿತು. ಹತ್ತಿರದ ದಾರಿ ಅಂತ ನೀರಿನ ಅಂಚಿನಲ್ಲಿ ನುಣ್ಣಗೆ ಮಿಂಚುತ್ತಿದ್ದ ಬಯಲಿಗೆ ಎತ್ತು ತಿರುಗಿಸಿದೆ. ನಾಲ್ಕು ಮಾರು ಹೋಗಿರಬೇಕು, ಎಡಗಾಲಿ ಗುಂಬದವರೆಗೆ ಇಳಿಯಿತು. ಎತ್ತುಗಳು ಜಗ್ಗಿದಷ್ಟೂ ಗಾಡಿ ಕೂತಿತು. ಚಿಕ್ಕಪ್ಪ ಓಡಿಬಂದವರು ಬೈಯುವುದಕ್ಕೂ ಮೊದಲು ಬಾರುಕೋಲನ್ನು ನೆಲಕ್ಕೆ ಚುಚ್ಚಿ ತೋರಿಸಿದರು. ಅದು ಬೆಣ್ಣೆಗೆ ಹೋದಂತೆ ಮೊಳದುದ್ದ ಹೋಯಿತು. ಹತ್ತು ಹೆಜ್ಜೆ ಆಚೆಗೆ ಚುಚ್ಚಿದರು. ಗೇಣೂ ಹೋಗಲಿಲ್ಲ.

“ಬಿರುಕು ಬಿಟ್ಟಿರೋ ಕಡೆ ಹೊಡೀಬೇಕು ಕಣ್ಲಾ. ಮಿಂಚೋ ಕಡೆ ಹೋಗಬಾರ್ದು. ಕಣ್ಣು ಸುಳ್ಳು ಹೇಳ್ತದೆ, ಕೋಲು ಹೇಳಲ್ಲ.”

ಸಮುದ್ರದಿಂದ ಸೈನ್ಯವನ್ನು ದಡಕ್ಕೆ ಇಳಿಸುವವರೂ ಹಡಗನ್ನು ಲಂಗರು ಹಾಕಿ ನಿಲ್ಲಿಸುವವರೂ ನೆಚ್ಚಿಕೊಂಡಿರುವುದು ಬಹುಪಾಲು ಈ ಬಾರುಕೋಲಿನ ವಿದ್ಯೆಯನ್ನೇ. ಬಿಂಡಿಗನವಿಲೆಯಿಂದ ಕಡಲಿಗೆ ನೇರ ಪಡುವಲಿಗೆ ಹಾರಿದರೂ ಇನ್ನೂರು ಕಿಲೋಮೀಟರಿನ ಆಸುಪಾಸು. ನಮ್ಮೂರ ಚೆನ್ನಕೇಶವನ ಗುಡಿಯ ಗರುಡನಿಗೆ ಅದು ಒಂದು ಗಳಿಗೆಯ ದಾರಿ ಇರಬಹುದು, ನಮಗೆ ಘಟ್ಟ ಇಳಿಯಬೇಕು. ಆದರೂ ಈ ಅಧ್ಯಾಯವನ್ನು ಒಳನಾಡಿನಿಂದಲೇ ಶುರುಮಾಡಲು ಕಾರಣವಿದೆ. ಕರಾವಳಿಯ ಹಡಗುಗಳಿಗೆ ಒಂದು ಕಾಲದಲ್ಲಿ ಅಪ್ಪಣೆ ಹೋಗುತ್ತಿದ್ದುದು ಶ್ರೀರಂಗಪಟ್ಟಣದಿಂದ. ಆ ಪಟ್ಟಣ ಬಿದ್ದದ್ದೂ ಒಂದು ದಡದಿಂದ ಇನ್ನೊಂದು ದಡಕ್ಕೆ ಇಳಿಯಬಹುದಾದ ಜಾಗ ಯಾವುದು ಎಂಬ ಲೆಕ್ಕದ ಮೇಲೆ.

1791ರ ಮೇ ತಿಂಗಳಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಅರಕೆರೆಯ ಹತ್ತಿರ ಟಿಪ್ಪುವಿನ ಸೈನ್ಯವನ್ನು ಎದುರಿಸಿ ಮೇಲುಗೈ ಪಡೆದ. ಕೋಟೆ ಕಣ್ಣಿಗೆ ಕಾಣುವಷ್ಟು ಹತ್ತಿರವಿತ್ತು, ನಡುವೆ ಕಾವೇರಿ ಇತ್ತು. ಹೊಳೆ ದಾಟಿ ಇನ್ನೊಂದು ದಂಡನ್ನು ಕೂಡಿಕೊಳ್ಳಲು ಕನ್ನಂಬಾಡಿಯ ಕಡವಿನತ್ತ ನಡೆದ. ಮುಂಗಾರು ಮೊದಲೇ ಹಿಡಿಯಿತು, ಎತ್ತುಗಳು ಸತ್ತವು, ಕೊನೆಗೆ ಕೋಟೆ ಒಡೆಯಲು ಅಷ್ಟು ದೂರದಿಂದ ಎಳೆದು ತಂದಿದ್ದ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂತಿರುಗಿದ. ಆ ಹಳೆಯ ಕನ್ನಂಬಾಡಿ ಈಗ ಕೆಆರ್‌ಎಸ್ ಹಿನ್ನೀರಿನ ಅಡಿಯಲ್ಲಿದೆ.

ಎಂಟು ವರ್ಷದ ಮೇಲೆ ಬಂದ ಬ್ರಿಟಿಷ್ ಜನರಲ್ ಹ್ಯಾರಿಸ್ ಈ ಪಾಠ ಕಲಿತು ಬಂದಿದ್ದ. 1799ರ ಮಾರ್ಚ್‌ನಲ್ಲಿ ಮಳವಳ್ಳಿಯ ಕಾಳಗವಾದ ಮೇಲೆ ಅವನು ಮಾಮೂಲಿ ದಾರಿಯಲ್ಲೇ ಬರುತ್ತಾನೆಂದು ಟಿಪ್ಪು ಆ ಕಡೆಯ ಮೇವು ದವಸಗಳನ್ನೆಲ್ಲ ಸುಡಿಸಿದ್ದ. ಹ್ಯಾರಿಸ್ ತಿರುಗಿ ಸೋಸಲೆಯ ಕಡವಿನಲ್ಲಿ ಹೊಳೆ ದಾಟಿ ತೆಂಕಣ ದಂಡೆಯಿಂದ ಬಂದ. ಏಪ್ರಿಲ್ ಇಡೀ ಮುತ್ತಿಗೆ ನಡೆಯಿತು. ಮೇ ಬಂತು. ಕೊಡಗಿನಲ್ಲಿ ನಾಲ್ಕು ದಿನ ಮಳೆ ಜೋರಾದರೆ ಸಾಕು, ಶ್ರೀರಂಗಪಟ್ಟಣ ನಿಜವಾದ ದ್ವೀಪವಾಗುತ್ತದೆ. ಕೋಟೆಯ ವಾಯವ್ಯ ಮೂಲೆಯ ಗೋಡೆ ಒಡೆದಿತ್ತು. ಆದರೆ ಅಲ್ಲಿಗೆ ಮುಟ್ಟಬೇಕಾದರೆ ಇನ್ನೂರೈವತ್ತು ಮೀಟರಿನಷ್ಟು ಹೊಳೆಯನ್ನು ನಡೆದು ದಾಟಬೇಕು. ಎಲ್ಲಿ ಮೊಣಕಾಲು ನೀರು, ಎಲ್ಲಿ ಎದೆ ಮಟ್ಟ, ಎಲ್ಲಿ ಪಾಚಿಗಟ್ಟಿದ ಬಂಡೆ, ಎಲ್ಲಿ ಮಡು, ಇದನ್ನು ದುರ್ಬೀನು ಹೇಳುವುದಿಲ್ಲ. ದಾಳಿಯ ಹಿಂದಿನ ರಾತ್ರಿ ಲಾಲರ್ ಮತ್ತು ಫರ್ಕುಹರ್ ಎಂಬ ಇಬ್ಬರು ಕಿರಿಯ ಅಧಿಕಾರಿಗಳು ಕತ್ತಲಲ್ಲಿ ಹೊಳೆಗಿಳಿದು, ತಡಕಾಡಿ, ಕೋಟೆಯ ಬುಡದ ತನಕ ಹೋಗಿ ನೋಡಿ ಬಂದರು. ಮರುದಿನ, ಮೇ 4ರ ಮಧ್ಯಾಹ್ನ, ಕಾವಲಿನವರು ಊಟಕ್ಕೋ ನೆರಳಿಗೋ ಸರಿದ ಹೊತ್ತಿನಲ್ಲಿ ದಂಡು ಆ ದಾರಿಯಲ್ಲೇ ನುಗ್ಗಿತು. ಹೊಳೆ ದಾಟಿ ಒಡೆದ ಗೋಡೆ ಹತ್ತಲು ಹಿಡಿದದ್ದು ಕೆಲವೇ ನಿಮಿಷ.

ನಾವು ಟಿಪ್ಪುವಿನ ಕೊನೆಯ ದಿನವನ್ನು ಮೀರ್ ಸಾದಿಕ್‌ನ ದ್ರೋಹದ ಕಥೆಯಾಗಿ ಹೇಳಿಕೊಳ್ಳುತ್ತೇವೆ. ದ್ರೋಹವಿಲ್ಲದೆ ಕೋಟೆ ಬೀಳುವುದು ನಮ್ಮ ಲಾವಣಿಗಳಿಗೆ ಒಗ್ಗುವುದಿಲ್ಲ. ನನಗೆ ಮಾತ್ರ ಆ ಕಥೆಯ ನಡುವೆ ಹಿಂದಿನ ರಾತ್ರಿ ಬೂಟಿಗೆ ನೀರು ತುಂಬಿಸಿಕೊಂಡು ಬಂಡೆ ತಡಕುತ್ತಿದ್ದ ಇಬ್ಬರು ಹುಡುಗರೇ ಕಾಣುತ್ತಾರೆ.

ಇದಾಗಿ 144 ವರ್ಷಕ್ಕೆ, 1943ರ ಡಿಸೆಂಬರ್ 31ರ ರಾತ್ರಿ, ಫ್ರಾನ್ಸಿನ ನಾರ್ಮಂಡಿ ಕರಾವಳಿಯಲ್ಲಿ ಇನ್ನಿಬ್ಬರು ಇದೇ ಕೆಲಸ ಮಾಡಿದರು. ಮೇಜರ್ ಸ್ಕಾಟ್-ಬೌಡನ್ ಮತ್ತು ಸಾರ್ಜೆಂಟ್ ಆಗ್ಡನ್-ಸ್ಮಿತ್. ದೋಣಿಯಿಂದ ಇಳಿದು, ಹಿಮದಂಥ ನೀರಿನಲ್ಲಿ ಈಜಿ, ಜರ್ಮನ್ ಪಹರೆಯವರು ಹೊಸ ವರ್ಷದ ಗುಂಗಿನಲ್ಲಿದ್ದಾಗ ಮರಳದಂಡೆಯ ಮೇಲೆ ತೆವಳಿದರು. ಅವರ ಬಳಿ ಇದ್ದ ಮುಖ್ಯ ಆಯುಧ ಒಂದು ಬೈರಿಗೆ! ಮರಳಿಗೆ ತಿರುಗಿಸಿ ಚುಚ್ಚಿ, ಒಳಗಿನ ಮಣ್ಣನ್ನು ಎತ್ತಿ, ಕೊಳವೆಗಳಲ್ಲಿ ತುಂಬಿ, ಯಾವ ಮಾದರಿ ಎಲ್ಲಿಯದೆಂದು ಗುರುತು ಮಾಡಿ ವಾಪಸು ಈಜಿದರು.

ಯಾಕೆ ಇಷ್ಟು ಪಾಡು? ವಿಮಾನದಿಂದ ತೆಗೆದ ಚಿತ್ರದಲ್ಲಿ ಆ ದಂಡೆ ಒಂದೇ ಸಮನೆ ಹಳದಿ ಮರಳು. ಆದರೆ ಕೆಲವೆಡೆ ಮರಳಿನ ಪದರ ತೆಳುವಾಗಿ, ಕೆಳಗೆ ಸಾವಿರಾರು ವರ್ಷದ ಹಿಂದಿನ ಜೌಗು ಕಾಡಿನ ಕೊಳೆತ ಮಣ್ಣು, ಜೇಡಿ ಇರಬಹುದೆಂಬ ಗುಮಾನಿ ವಿಜ್ಞಾನಿಗಳಿಗಿತ್ತು. ಮೂವತ್ತು ಟನ್ನಿನ ಟ್ಯಾಂಕು ಅಲ್ಲಿಗೆ ಬಂದರೆ ನನ್ನ ಗಾಡಿಯ ಗತಿಯೇ. ಮುಂದಿನ ಟ್ಯಾಂಕೂ ಅದರ ಹಿಂದೆಯೇ ನಿಲ್ಲಬೇಕು. ಮಾದರಿಗಳು ಬಂದ ಮೇಲೆ ದಪ್ಪ ಬಟ್ಟೆಯ ಚಾಪೆಯನ್ನು ಮುಂದೆ ಬಿಚ್ಚುತ್ತ ತನ್ನ ದಾರಿ ತಾನೇ ಹಾಸಿಕೊಂಡು ಹೋಗುವ ಟ್ಯಾಂಕುಗಳು ಆ ದಂಡೆಗೆ ಹೋದವು.

ಮರಳು ವಿಚಿತ್ರ ವಸ್ತು. ಅಲೆ ಹಿಂದೆ ಸರಿದ ಒದ್ದೆ ಮರಳಿನ ಮೇಲೆ ಕಾಲಿಟ್ಟು ನೋಡಿ. ಪಾದದ ಸುತ್ತ ಒಂದು ಗಳಿಗೆ ಒಣಗಿದಂತೆ ಬೆಳ್ಳಗಾಗುತ್ತದೆ, ಕಾಲೆತ್ತಿದರೆ ಹೆಜ್ಜೆಯಲ್ಲಿ ನೀರು ತುಂಬುತ್ತದೆ. ಒತ್ತಡ ಬಿದ್ದಾಗ ಒತ್ತಾಗಿ ಕೂತಿದ್ದ ಮರಳ ಕಣಗಳು ಒಂದರ ಮೇಲೊಂದು ಏರಿ ನಡುವಿನ ಸಂದು ಹಿಗ್ಗುತ್ತದೆ. ಮೇಲಿನ ನೀರು ಆ ಸಂದಿಗೆ ಇಳಿಯುತ್ತದೆ. ಓಸ್ಬೋರ್ನ್ ರೆನಾಲ್ಡ್ಸ್ 1885ರಲ್ಲಿ ಇದನ್ನು ವಿವರಿಸಿದ. ಆ ಗಳಿಗೆಯಲ್ಲಿ ಮರಳು ಕಲ್ಲಿನಷ್ಟು ಗಟ್ಟಿ. ಅದೇ ಮರಳು ಪೂರ ಒಣಗಿದಾಗ ಸೈಕಲ್ಲಿಗೂ ದಾರಿ ಕೊಡುವುದಿಲ್ಲ. ನೀರು ಕೆಳಗಿನಿಂದ ಉಕ್ಕುವ ಕಡೆ ಕಣಗಳು ತೇಲಿ ಇಡೀ ನೆಲವೇ ಗಂಜಿಯಾಗುತ್ತದೆ. ಹಾಗಾಗಿ ಒಂದೇ ದಂಡೆಯಲ್ಲಿ ಇಪ್ಪತ್ತು ಹೆಜ್ಜೆಗೊಂದು ಸ್ವಭಾವ. ಕಣ ದಪ್ಪಗಿದ್ದಷ್ಟೂ ದಂಡೆ ಕಡಿದು, ಸಣ್ಣಗಿದ್ದಷ್ಟೂ ಚಪ್ಪಟೆ. ಚಪ್ಪಟೆ ದಂಡೆ ಗಟ್ಟಿ ನೆಲ ಕೊಡುತ್ತದೆ, ಆದರೆ ಇಳಿದಾಣದ ಹಡಗು ದೂರದಲ್ಲೇ ತಳ ತಾಗಿ ನಿಲ್ಲುತ್ತದೆ. ಸೈನಿಕ ನೂರಾರು ಮೀಟರ್ ನೀರಿನಲ್ಲೇ ನಡೆಯಬೇಕು, ಎದುರಿಗೆ ಬಂದೂಕು.

ನೀರಿನ ಆಳವನ್ನು ಮಾತ್ರ ನೆನೆಯದೆಯೂ ಅಳೆಯಬಹುದು. ಈ ಲೆಕ್ಕ ನನಗೆ ಬಹಳ ಇಷ್ಟ. ಕಾಗದ ಪೆನ್ಸಿಲ್ ಇದ್ದರೆ ಮಾಡಿ ನೋಡಿ. ಎಂಟು ಸೆಕೆಂಡಿಗೊಂದರಂತೆ ಬರುವ ಅಲೆಗಳಿಗೆ ಆಳ ಸಮುದ್ರದಲ್ಲಿ ಒಂದರ ತಲೆಯಿಂದ ಇನ್ನೊಂದರ ತಲೆಗೆ ಸುಮಾರು ನೂರು ಮೀಟರ್. ದಡದತ್ತ ಬರುವಾಗ ಅಲೆಯ ಕಾಲು ತಳಕ್ಕೆ ತಾಗಿ ನಡಿಗೆ ನಿಧಾನವಾಗುತ್ತದೆ. ಲೆಕ್ಕಕ್ಕೆ ಎಂಟು ಸೆಕೆಂಡು ಹಾಗೇ ಉಳಿಯುತ್ತದೆ, ಹಾಗಾಗಿ ಅಲೆಗಳು ಒತ್ತೊತ್ತಾಗುತ್ತವೆ. ವಿಮಾನದ ಚಿತ್ರದಲ್ಲಿ ಒಂದು ಕಡೆ ಆ ಅಂತರ 44 ಮೀಟರ್ ಎಂದು ಕಂಡಿತು ಅನ್ನಿ. ಎಂಟರಿಂದ ಭಾಗಿಸಿದರೆ ಅಲೆಯ ವೇಗ ಸೆಕೆಂಡಿಗೆ 5.5 ಮೀಟರ್. ತೆಳು ನೀರಿನಲ್ಲಿ ವೇಗದ ವರ್ಗವನ್ನು ಗುರುತ್ವದ ಬೆಲೆಯಿಂದ, ಅಂದರೆ ಹತ್ತಿರ ಹತ್ತರಿಂದ, ಭಾಗಿಸಿದರೆ ಆಳ ಸಿಗುತ್ತದೆ. 5.5ರ ವರ್ಗ ಮೂವತ್ತು. ಹತ್ತರಿಂದ ಭಾಗಿಸಿ: ಮೂರು ಮೀಟರ್. ಆಕಾಶದಲ್ಲಿದ್ದುಕೊಂಡು ನೀರಿಗೆ ಕೋಲಿಳಿಸಿದಂತಾಯಿತು. ಎರಡನೇ ಮಹಾಯುದ್ಧದಲ್ಲಿ ಹೀಗೆ ಮೈಲಿಗಟ್ಟಲೆ ದಂಡೆಯ ನಕಾಶೆಗಳು ತಯಾರಾದವು. ಬ್ರಿಟನ್ನಿನ ಸರ್ಕಾರ ರೇಡಿಯೋದಲ್ಲಿ ಕೇಳಿಕೊಂಡು ಜನರ ಮನೆಯ ಆಲ್ಬಮ್ಮುಗಳಿಂದ ಯೂರೋಪಿನ ಕಡಲತೀರದ ರಜೆ ಚಿತ್ರಗಳನ್ನೂ ಅಂಚೆ ಕಾರ್ಡುಗಳನ್ನೂ ರಾಶಿ ರಾಶಿಯಾಗಿ ತರಿಸಿಕೊಂಡಿತು. ಮರಳಿನ ಮೇಲೆ ಐಸ್‌ಕ್ರೀಮ್ ತಿನ್ನುತ್ತ ನಿಂತ ಮಗುವಿನ ಹಿಂದೆ ಒಂದು ಕಡಲ ಗೋಡೆ, ಒಂದು ಮೆಟ್ಟಿಲು, ಒಂದು ಬಂಡೆ. ಬೇಕಾಗಿದ್ದು ಅದೇ.

ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಅದೇ 1943ರ ನವೆಂಬರ್ 20 ಸಾಕ್ಷಿ. ಪೆಸಿಫಿಕ್ ಸಾಗರದ ತರಾವಾ ಹವಳ ದ್ವೀಪಕ್ಕೆ ಅಮೆರಿಕದ ಸೈನಿಕರು ಇಳಿಯಬೇಕಿತ್ತು. ಸುತ್ತ ಹವಳದ ದಿಬ್ಬ. ಅದರ ಮೇಲೆ ನಾಲ್ಕೈದು ಅಡಿ ನೀರಿದ್ದರೆ ದೋಣಿಗಳು ತೇಲಿ ದಾಟುತ್ತವೆ. ಆ ದಿನ ನೀರು ಏರಲೇ ಇಲ್ಲ. ದೋಣಿಗಳು ದಿಬ್ಬಕ್ಕೆ ಸಿಕ್ಕಿಕೊಂಡವು. ಸೈನಿಕರು ಭಾರ ಹೊತ್ತು ನೂರಾರು ಮೀಟರ್ ನೀರಿನಲ್ಲಿ ನಡೆಯುತ್ತ ಗುಂಡಿಗೆ ಬಿದ್ದರು. ಪಂಚಾಂಗ ನೋಡಿದರೆ ಕಾರಣದ ಅರ್ಧ ಸಿಗುತ್ತದೆ. ಅದು ಕೃಷ್ಣಪಕ್ಷದ ಅಷ್ಟಮಿಯ ಆಸುಪಾಸು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯ ಚಂದ್ರ ಒಂದೇ ಗೆರೆಯಲ್ಲಿ ನಿಂತು ನೀರನ್ನು ಎಳೆಯುತ್ತವೆ, ಉಬ್ಬರ ದೊಡ್ಡದು. ಅಷ್ಟಮಿಗೆ ಒಂದು ಈ ಕಡೆ, ಒಂದು ಆ ಕಡೆ ಎಳೆದು ಉಬ್ಬರ ಸೊರಗುತ್ತದೆ. ಇನ್ನರ್ಧ ಕಾರಣವನ್ನು ಡೊನಾಲ್ಡ್ ಓಲ್ಸನ್ ಎಂಬ ಭೌತವಿಜ್ಞಾನಿ 1987ರಲ್ಲಿ ಲೆಕ್ಕ ಹಾಕಿ ತೋರಿಸಿದ: ಚಂದ್ರ ಆಗ ತನ್ನ ಕಕ್ಷೆಯಲ್ಲಿ ಭೂಮಿಗೆ ಅತಿ ದೂರದ ಬಿಂದುವಿನ ಹತ್ತಿರವಿದ್ದ. ಸೊರಗಿದ ಉಬ್ಬರ ಇನ್ನಷ್ಟು ಸೊರಗಿತ್ತು.

ನಮ್ಮ ಕರಾವಳಿ ಇದರಲ್ಲಿ ಮೃದು. ಕಾರವಾರದಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ಎರಡು ಮೀಟರಿನಷ್ಟು ವ್ಯತ್ಯಾಸ, ಮಂಗಳೂರಿನಲ್ಲಿ ಇನ್ನೂ ಕಡಿಮೆ. ಕೊರಿಯಾದ ಇಂಚಾನ್‌ನಲ್ಲಿ ಅದು ಒಂಬತ್ತು ಮೀಟರ್! ನಮ್ಮ ಕಡಲನ್ನು ಆಳುವುದು ಚಂದ್ರನಿಗಿಂತ ಹೆಚ್ಚಾಗಿ ಮಳೆಗಾಲ. ಜೂನ್ ಮೊದಲ ವಾರದಿಂದ ನೈರುತ್ಯದ ಗಾಳಿ ಅಲೆಗಳನ್ನು ನೇರ ದಡಕ್ಕೆ ಹೊಡೆಯುತ್ತದೆ. ಆಳದ ಸುಮಾರು ಮುಕ್ಕಾಲು ಪಾಲಿನಷ್ಟು ಎತ್ತರವಾದೊಡನೆ ಅಲೆ ಮುರಿಯುತ್ತದೆ. ಮೂರು ಮೀಟರಿನ ಅಲೆಗಳ ಕಾಲದಲ್ಲಿ ನಾಲ್ಕು ಮೀಟರ್ ಆಳದ ಗೆರೆಯುದ್ದಕ್ಕೂ ನೀರಿನ ಗೋಡೆ ಬೀಳುತ್ತಿರುತ್ತದೆ ಎಂದರ್ಥ. ಯಾಂತ್ರಿಕ ಮೀನುಗಾರಿಕೆಗೆ ಜೂನ್ ಒಂದರಿಂದ ಜುಲೈ ಕೊನೆಯವರೆಗೆ ರಜೆ. ಸೈನ್ಯಗಳೂ ಹಿಂದೆ ಹಾಗೇ ಲೆಕ್ಕ ಹಾಕುತ್ತಿದ್ದವು. ಶಿವಾಜಿ 1665ರಲ್ಲಿ ಮಾಲವಣದಿಂದ ಹಡಗೇರಿ ಬಸರೂರನ್ನು ಲೂಟಿ ಮಾಡಿದ್ದು ಫೆಬ್ರವರಿಯಲ್ಲಿ.

ಇನ್ನು ಲಂಗರಿನ ವಿಷಯ. ಆಳವನ್ನು ಅಳೆಯಲು ಹಡಗಿನವರು ಇಳಿಬಿಡುತ್ತಿದ್ದುದು ಹಗ್ಗಕ್ಕೆ ಕಟ್ಟಿದ ಸೀಸದ ಗುಂಡು. ಹಗ್ಗವನ್ನು ಎಳೆದುಕೊಂಡು ಎರಡು ಕೈ ಚಾಚಿ ಅಳೆದರೆ ಒಂದು ಅಳತೆ, ಆರು ಅಡಿ. ಇಂಗ್ಲಿಷರು ಅದನ್ನು ಫ್ಯಾದಮ್ ಅಂದರು. ನಮ್ಮ ಹೂವಾಡಗಿತ್ತಿ ಕನಕಾಂಬರದ ದಂಡೆಯನ್ನು ಇದೇ ರೀತಿ ಅಳೆದು ಕೊಟ್ಟರೆ ಅದು ಒಂದು ಮಾರು. ಗುಂಡಿನ ಅಡಿಯಲ್ಲಿ ಒಂದು ಗುಳಿ, ಅದರಲ್ಲಿ ಮೆತ್ತಿದ ಪ್ರಾಣಿಕೊಬ್ಬು. ತಳಕ್ಕೆ ಬಡಿದು ಮೇಲೆ ಬಂದಾಗ ಕೊಬ್ಬಿಗೆ ಅಂಟಿಕೊಂಡಿರುವುದು ಏನು ಎಂದು ನೋಡುತ್ತಿದ್ದರು: ಮರಳೋ, ಜೇಡಿಯೋ, ಚಿಪ್ಪಿನ ಚೂರೋ. ಏನೂ ಅಂಟದೆ ಬಂದರೆ ಬಂಡೆ. ಹಳೆಯ ಕಡಲ ನಕಾಶೆಗಳಲ್ಲಿ ಅಂಕಿಗಳ ನಡುವೆ ಕಾಣುವ ಒಂಟಿ ಅಕ್ಷರಗಳೆಲ್ಲ ಆ ಕೊಬ್ಬು ಹೇಳಿದ ಸುದ್ದಿ.

ತಳ ಯಾಕೆ ಮುಖ್ಯ ಅಂದರೆ, ಲಂಗರು ತನ್ನ ತೂಕದಿಂದ ಹಡಗನ್ನು ಹಿಡಿಯುವುದಿಲ್ಲ. ಅದೊಂದು ನೇಗಿಲು. ಉಳುವಾಗ ಮೇಳಿಯನ್ನು ಒತ್ತಿ ಹಿಡಿದರೆ ಕುಳ ಮಣ್ಣಿಗೆ ಕಚ್ಚುತ್ತದೆ, ಸೊಂಟ ಸಡಿಲ ಬಿಟ್ಟರೆ ಮೇಲೆ ತೇಲುತ್ತದೆ. ಲಂಗರಿನದೂ ಅದೇ ಗುಣ, ನೇಗಿಲು ಸಾಗಬೇಕು, ಲಂಗರು ಸಾಗಬಾರದು ಎಂಬುದಷ್ಟೇ ವ್ಯತ್ಯಾಸ. ಸರಪಳಿ ಅದನ್ನು ಅಡ್ಡಡ್ಡ ಎಳೆದರೆ ಕಚ್ಚಿಕೊಳ್ಳುತ್ತದೆ, ಮೇಲಕ್ಕೆಳೆದರೆ ಕಿತ್ತು ಬರುತ್ತದೆ. ಅದಕ್ಕೇ ನೀರಿನ ಆಳದ ಐದಾರು ಪಟ್ಟು ಉದ್ದ ಸರಪಳಿ ಬಿಡುತ್ತಾರೆ. ಅದರ ಭಾರಕ್ಕೆ ಕೊನೆಯ ಭಾಗ ನೆಲದ ಮೇಲೆ ಮಲಗಿರುತ್ತದೆ. ಗಟ್ಟಿ ಜೇಡಿ ಚೆನ್ನಾಗಿ ಹಿಡಿಯುತ್ತದೆ. ಗಂಜಿಯಂಥ ಹೂಳಿನಲ್ಲಿ ಲಂಗರು ಉಳುತ್ತ ಹೋಗುತ್ತದೆ. ಬಂಡೆಯಲ್ಲಿ ಕಚ್ಚುವುದೇ ಇಲ್ಲ, ಕಚ್ಚಿದರೆ ಬಿಡುವುದಿಲ್ಲ. ಇಷ್ಟು ಉದ್ದ ಸರಪಳಿಯ ಮೇಲೆ ಗಾಳಿ ತಿರುಗಿದಂತೆ ಹಡಗೂ ಗೂಟಕ್ಕೆ ಕಟ್ಟಿದ ಹಸುವಿನ ಹಾಗೆ ಸುತ್ತುತ್ತದೆ. ಒಂದೊಂದಕ್ಕೂ ಒಂದೊಂದು ವೃತ್ತ ಬೇಕು. ಕೊಲ್ಲಿ ಎಷ್ಟೇ ದೊಡ್ಡದಿರಲಿ, ಅದರಲ್ಲಿ ಹಿಡಿಯುವ ಹಡಗುಗಳ ಸಂಖ್ಯೆ ಈ ವೃತ್ತಗಳ ಲೆಕ್ಕ.

(ಹೂಳಿನ ಪರವಾಗಿಯೂ ಒಂದು ಮಾತು. ಕೇರಳದ ಆಲಪ್ಪುಳದ ಹತ್ತಿರ ಮಳೆಗಾಲದಲ್ಲಿ ‘ಚಾಕರ’ ಎಂಬ ಕೆಸರು ದಿಬ್ಬ ಕಡಲಿನಲ್ಲಿ ಏಳುತ್ತದೆ. ಗಂಜಿಯಂಥ ಆ ಕೆಸರು ಅಲೆಯ ಶಕ್ತಿಯನ್ನೆಲ್ಲ ಹೀರಿ ನೀರನ್ನು ಕೊಳದಂತೆ ಮಾಡುತ್ತದೆ. ಬಂದರೇ ಇಲ್ಲದ ಕಡೆ, ಮಳೆಗಾಲದ ನಡುವೆ, ಹಡಗುಗಳು ನಿಶ್ಚಿಂತೆಯಿಂದ ನಿಲ್ಲುತ್ತಿದ್ದವು.)

ಕನ್ನಡ ಕರಾವಳಿಯ ದೊಡ್ಡ ಕಾಟ ಅಳಿವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ, ಒಂದೊಂದೂ ಘಟ್ಟದಿಂದ ಹೂಳು ತಂದು ಬಾಯಲ್ಲಿ ಸುರಿಯುತ್ತವೆ. ಅಲೆಗಳು ಓರೆಯಾಗಿ ದಡಕ್ಕೆ ಬಡಿಯುತ್ತ ಮರಳನ್ನು ಉದ್ದಕ್ಕೂ ಸಾಗಿಸುತ್ತವೆ. ಇವೆರಡೂ ಸೇರಿ ಹೊಳೆಯ ಬಾಯಿಗೆ ಮರಳಿನ ಹೊಸ್ತಿಲು ಹಾಕುತ್ತವೆ. ಒಳಗೆ ಎಷ್ಟೇ ಆಳ, ಎಷ್ಟೇ ನೆಮ್ಮದಿ ಇರಲಿ, ಹೊಸ್ತಿಲು ದಾಟಲಾರದ ಹಡಗಿಗೆ ಏನು ಪ್ರಯೋಜನ? ಹೊಸ್ತಿಲು ಹೋದ ವರ್ಷ ಇದ್ದಲ್ಲಿ ಈ ವರ್ಷ ಇರುವುದೂ ಇಲ್ಲ.

ಈಗ ಶ್ರೀರಂಗಪಟ್ಟಣದಿಂದ ಹೊರಟ ಅಪ್ಪಣೆಯನ್ನು ನೋಡೋಣ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಕರಾವಳಿ ಕೈಗೆ ಬಂತು, ಹಡಗು ಕಟ್ಟಿಸಿದ. 1780ರ ಡಿಸೆಂಬರಿನಲ್ಲಿ ಬ್ರಿಟಿಷ್ ಅಡ್ಮಿರಲ್ ಹ್ಯೂಸ್ ಮಂಗಳೂರಿನ ಮುಂದೆ ನಿಂತಿದ್ದ ಆ ಹಡಗುಗಳನ್ನು ಸುಟ್ಟುಹಾಕಿದ. ಎರಡು ವರ್ಷದ ಮೇಲೆ ಜನರಲ್ ಮ್ಯಾಥ್ಯೂಸ್ ಬೊಂಬಾಯಿಯಿಂದ ಬಂದು ಅಘನಾಶಿನಿಯ ಅಳಿವೆಯ ಪಕ್ಕ ಇಳಿದ. ಇಳಿದಾಣವಾಗಿ ಜಾಗ ಚೆನ್ನಾಗಿತ್ತು. ಹೊನ್ನಾವರ ಬಿತ್ತು, ಕುಂದಾಪುರ ಬಿತ್ತು, ಹೊಸಂಗಡಿ ಘಾಟಿ ಹತ್ತಿ 1783ರ ಜನವರಿಯಲ್ಲಿ ಬಿದನೂರನ್ನೂ ಹಿಡಿದ. ಅವನ ಲೆಕ್ಕ ತಪ್ಪಿದ್ದು ಅಲ್ಲಿ. ಹಿಂದೆ ಕಡಿದಾದ ಘಟ್ಟ, ಅದರ ಹಿಂದೆ ಇನ್ನು ನಾಲ್ಕೈದು ತಿಂಗಳಲ್ಲಿ ಮುಚ್ಚಿಹೋಗಲಿರುವ ಕಡಲು. ಏಪ್ರಿಲಿನಲ್ಲಿ ಟಿಪ್ಪು ದೊಡ್ಡ ದಂಡಿನೊಂದಿಗೆ ಬಂದು ಘಾಟಿಗಳನ್ನು ಕಟ್ಟಿದ. ಮ್ಯಾಥ್ಯೂಸ್ ಶರಣಾದ, ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. ಮಂಗಳೂರಿನಲ್ಲಿ ಕರ್ನಲ್ ಕ್ಯಾಂಪ್‌ಬೆಲ್ ಮಳೆಗಾಲವಿಡೀ ಮುತ್ತಿಗೆ ತಡೆದು 1784ರ ಜನವರಿಯಲ್ಲಿ ಕೋಟೆ ಬಿಟ್ಟುಕೊಟ್ಟ. ಮಾರ್ಚಿನಲ್ಲಿ ಮಂಗಳೂರು ಒಪ್ಪಂದವಾಯಿತು. ಇಳಿಯುವ ಜಾಗವನ್ನು ನೋಡುವಾಗ ಕಡಲ ಕಡೆ ಬೆನ್ನು ಮಾಡಿ ನಿಂತು ಎದುರಿಗಿನ ಬೆಟ್ಟವನ್ನೂ ನೋಡಬೇಕು. ಮ್ಯಾಥ್ಯೂಸ್ ನೋಡಿದ್ದರೂ ಕ್ಯಾಲೆಂಡರ್ ನೋಡಲಿಲ್ಲ.

ಟಿಪ್ಪು 1796ರಲ್ಲಿ ನೌಕಾಪಡೆಗೆ ಹೊಸ ನಿಯಮಾವಳಿ ಬರೆಸಿದ. ನಲವತ್ತರಷ್ಟು ಯುದ್ಧನೌಕೆ, ಅವುಗಳಲ್ಲಿ ದೊಡ್ಡವಕ್ಕೆ ಎಪ್ಪತ್ತೆರಡು ಫಿರಂಗಿ. ನೋಡಿಕೊಳ್ಳಲು ಹನ್ನೊಂದು ಮಂದಿ ‘ಮೀರ್ ಯಮ್’, ಅವರ ಕೆಳಗೆ ಮೂವತ್ತು ‘ಮೀರ್ ಬಹರ್’. ಕಟ್ಟುವ ಜಾಗ ಮೂರು: ಮಂಗಳೂರು, ಮಿರ್ಜಾನಿನ ಹೊಳೆ, ಕಾಳಿಯ ಬಾಯಿಯ ಸದಾಶಿವಗಡ. ಮರ ಘಟ್ಟದಿಂದ ತೇಲಿ ಬರುತ್ತದೆ, ಕೋಟೆ ಪಕ್ಕದಲ್ಲಿದೆ, ಗಾಳಿಯಿಂದ ಮರೆ ಇದೆ. ಬಡಗಿಯ ಕಣ್ಣಿನಲ್ಲಿ ಮೂರೂ ಒಳ್ಳೆಯ ಜಾಗ. ನಾವಿಕನ ಕಣ್ಣಿನಲ್ಲಿ? ಎಪ್ಪತ್ತೆರಡು ಫಿರಂಗಿಯ ಹಡಗು ಭಾರ ಹೊತ್ತಾಗ ಐದಾರು ಮೀಟರ್ ನೀರಿನಲ್ಲಿ ಮುಳುಗಿರುತ್ತದೆ. ಮಂಗಳೂರಿನ ಮತ್ತು ಮಿರ್ಜಾನಿನ ಅಳಿವೆಗಳ ಹೊಸ್ತಿಲ ಮೇಲೆ ಅಷ್ಟು ನೀರು ಎಲ್ಲಿಯದು? ಮೂರರಲ್ಲಿ ಸದಾಶಿವಗಡವೊಂದೇ ದೊಡ್ಡ ಹಡಗಿಗೆ ತಕ್ಕದ್ದೆಂದು ನನ್ನ ಎಣಿಕೆ, ಅದೂ ಹೊಳೆಯಿಂದಾಗಿ ಅಲ್ಲ, ಮುಂದಿನ ಕೊಲ್ಲಿಯಿಂದಾಗಿ. ನೌಕಾಪಡೆ ಏಳುವ ಮೊದಲೇ 1799 ಬಂತು. ಮಂಗಳೂರು ಕೊನೆಗೆ ಹಳೆಯ ಅಳಿವೆಯ ಹಂಗೇ ಬೇಡವೆಂದು ಪಣಂಬೂರಿನಲ್ಲಿ ನೆಲ ಅಗೆದು ಹೊಸ ಬಂದರು ಮಾಡಿಕೊಂಡಿತು. ಅದು ಪ್ರಧಾನ ಬಂದರೆಂದು ಘೋಷಣೆಯಾದ ದಿನ 1974ರ ಮೇ 4. ತಾರೀಖುಗಳಿಗೂ ಒಂದು ತಮಾಷೆ ಇರುತ್ತದೆ.

ಕಾರವಾರದ ಕೊಲ್ಲಿಗೆ ತೆಂಕಲಿಂದ ಬೆಟ್ಟದ ಮೂಗು ಅಡ್ಡ ಬಂದು ನೈರುತ್ಯದ ಅಲೆಗಳನ್ನು ತಡೆಯುತ್ತದೆ. ಎದುರಿಗೆ ದೇವಗಡ, ಕೂರ್ಮಗಡ ದ್ವೀಪಗಳು. ಕೆಳಗೆ ಒಂದೂವರೆ ಕಿಲೋಮೀಟರ್ ಉದ್ದದ ಅಂಜದೀವ. ಅಲೆ ತಳ ತಾಗಿ ಬಾಗುವಾಗ ಮುಂಚಾಚಿದ ನೆಲದ ಮೇಲೆ ಬಲವನ್ನೆಲ್ಲ ಸುರಿದು ಕೊಲ್ಲಿಯೊಳಗೆ ಹರಡಿ ಸೋಲುತ್ತದೆ. ವಾಸ್ಕೋ ಡ ಗಾಮ 1498ರಲ್ಲಿ ಅಂಜದೀವದ ಮರೆಯಲ್ಲೇ ಹಡಗಿನ ತಳ ಕೆರೆಸಿಕೊಂಡ. ಪೋರ್ಚುಗೀಸರು 1505ರಲ್ಲಿ ಅಲ್ಲಿ ಕೋಟೆ ಕಟ್ಟಿ ಮರುವರ್ಷವೇ ಬಿಟ್ಟರು. ಲಂಗರು ಹಾಕಲು ಚೆನ್ನಾಗಿರುವ ಜಾಗ ಬದುಕಲೂ ಚೆನ್ನಾಗಿರುತ್ತದೆಂದು ನಂಬಿದವನು ಸರ್ ಅಬ್ರಹಾಂ ಶಿಪ್‌ಮನ್. ಬೊಂಬಾಯಿಯನ್ನು ವಹಿಸಿಕೊಳ್ಳಲು ಇಂಗ್ಲೆಂಡಿನ ರಾಜ ಕಳಿಸಿದ್ದ ಈತನಿಗೆ 1662ರಲ್ಲಿ ಪೋರ್ಚುಗೀಸರು ಬಾಗಿಲು ತೆಗೆಯಲಿಲ್ಲ. ನಾನೂರರಷ್ಟು ಸೈನಿಕರೊಂದಿಗೆ ಅಂಜದೀವದಲ್ಲಿ ಕಾದ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಜ್ವರ, ಭೇದಿ, ಹಸಿವುಗಳಿಗೆ ಬಹುಪಾಲು ಜನ ಸತ್ತರು, 1664ರಲ್ಲಿ ಅವನೂ ಸತ್ತ. ಒಂದು ಗುಂಡೂ ಹಾರಲಿಲ್ಲ.

ಗುಂಡು ಹಾರಿದ್ದು ಮೂರು ಶತಮಾನದ ಮೇಲೆ. 1961ರ ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಭಾಗವಾಗಿ ನಮ್ಮ ನೌಕಾಪಡೆ ಅಂಜದೀವಕ್ಕೆ ನಾವಿಕರನ್ನು ಇಳಿಸಿತು. ಬೆಂಗಾವಲಿಗೆ ನಿಂತ ಎರಡು ಹಡಗುಗಳಲ್ಲಿ ಒಂದು ಐಎನ್‌ಎಸ್ ತ್ರಿಶೂಲ್, ಇನ್ನೊಂದು ಐಎನ್‌ಎಸ್ ಮೈಸೂರು. ಕಡಲನ್ನೇ ಕಾಣದ ನಮ್ಮ ನಾಡಿನ ಹೆಸರಿನ ಹಡಗು! ದಂಡೆ ಕಲ್ಲು ಬಂಡೆಯದು, ಮೇಲೆ ಮರೆಯಾಗಿ ಕೂತ ಪೋರ್ಚುಗೀಸ್ ಕಾವಲು. ಇಳಿಯುತ್ತಿದ್ದವರ ಮೇಲೆ ಗುಂಡಿನ ಮಳೆಯಾಗಿ ನೌಕಾಪಡೆಯ ಏಳು ಮಂದಿ ಸತ್ತರು. ಮರುದಿನ ದ್ವೀಪ ಕೈಗೆ ಬಂತು.

ಅದೇ ದ್ವೀಪ ಈಗ ಒಡ್ಡಿನಿಂದ ನೆಲಕ್ಕೆ ಸೇರಿಕೊಂಡಿದೆ. ಮುಂಬಯಿ ಬಂದರಿನ ಇಕ್ಕಟ್ಟಿನಿಂದ ಬೇಸತ್ತ ನೌಕಾಪಡೆಗೆ ಎಂಬತ್ತರ ದಶಕದ ಆರಂಭದಲ್ಲಿ ಅಡ್ಮಿರಲ್ ಡಾಸನ್ ಕಾರವಾರದ ಜಾಗವನ್ನು ಎತ್ತಿ ಹೇಳಿದರು. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು. ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ಹತ್ತು ಸಾವಿರ ಟನ್ನಿನ ಹಡಗನ್ನು ನೀರಿನಿಂದ ಎತ್ತಿ ಒಣ ನೆಲಕ್ಕೆ ತರುವ ಲಿಫ್ಟ್ ಅಲ್ಲಿದೆ. ಜಾಗದ ಗುಣಗಳು ವಾಸ್ಕೋ ಡ ಗಾಮನ ಕಾಲದವೇ. ಹಿಂದೆ ಬೆಟ್ಟ, ಮುಂದೆ ದ್ವೀಪ, ದಡದ ಹತ್ತಿರವೇ ಆಳ. ನಡುವೆ ಇದ್ದದ್ದು ಊರುಗಳು. ಅರಗಾ, ಚೆಂಡಿಯಾ, ತೋಡೂರು ಮೊದಲಾದ ಹಳ್ಳಿಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋದವು. ಪರಿಹಾರದ ದಾವೆಗಳು ತಲೆಮಾರು ದಾಟಿದವು. ಒಂದು ಕೊಲ್ಲಿ ಯುದ್ಧಕ್ಕೆ ಎಷ್ಟು ಒಳ್ಳೆಯದೆಂದು ಅಳೆಯುವ ಕಾಗದದಲ್ಲಿ ಆಳಕ್ಕೆ ಒಂದು ಕಲಮು, ತಳಕ್ಕೆ ಒಂದು, ಗಾಳಿಗೆ ಒಂದು. ಅಲ್ಲಿ ಯಾರ ಬಲೆ ಬೀಳುತ್ತಿತ್ತೆಂಬುದಕ್ಕೆ ಕಲಮಿಲ್ಲ.

ಬಲೆಯ ಮಾತು ಸುಮ್ಮನೆ ಬರಲಿಲ್ಲ. ಈ ಕರಾವಳಿಯ ಹಳೆಯ ರಂಪಣಿ ದಡದಿಂದ ಎಳೆಯುವ ಬಲೆ. ದೋಣಿಯಲ್ಲಿ ಅರ್ಧಚಂದ್ರಾಕಾರಕ್ಕೆ ಬಿಟ್ಟು ಎರಡೂ ತುದಿಯನ್ನು ಹತ್ತಾರು ಜನ ಸೇರಿ ದಂಡೆಗೆ ಎಳೆಯುತ್ತಾರೆ. ಅದಕ್ಕೆ ಏನು ಬೇಕು? ಕಲ್ಲಿಲ್ಲದ ತಳ, ನಿಧಾನಕ್ಕೆ ಇಳಿಯುವ ಮರಳು, ಅಲೆ ಮುರಿಯುವ ಗೆರೆ ದಡಕ್ಕೆ ಹತ್ತಿರ, ನೂರು ಜನ ನಿಂತು ಎಳೆಯುವಷ್ಟು ಗಟ್ಟಿ ನೆಲ. ಸೈನ್ಯ ಇಳಿಸುವವನ ಪಟ್ಟಿಯೂ ಇದೇ. ರಂಪಣಿ ಬೀಳುವ ಕಡೆಗಳ ನಕಾಶೆ ಮಾಡಿದರೆ ಅರ್ಧ ಸರ್ವೆ ಮುಗಿದಂತೆ. ಎಪ್ಪತ್ತರ ದಶಕದ ಕೊನೆಗೆ ಪರ್ಸೀನ್ ದೋಣಿಗಳು ಬಂದು ರಂಪಣಿ ಸೊರಗಿತು, ಸಣ್ಣ ಬಲೆಗಳು ಅಲ್ಲಲ್ಲಿ ಉಳಿದಿವೆ.

ಹಿಂದೊಮ್ಮೆ ಕಾರವಾರದ ಕಡಲ ದಂಡೆಯಲ್ಲಿ, ನಿವೃತ್ತಿಯಾಗಿ ಮರಳಿನ ಮೇಲೆ ಕೂತಿರುವ ಐಎನ್‌ಎಸ್ ಚಪಲ್ ಹಡಗನ್ನು ನೋಡಿ ಈ ಕಡೆ ನಡೆದು ಬರುವಾಗ ಅಂಥದೊಂದು ಬಲೆ ಎಳೆಯುತ್ತಿದ್ದರು. ನಾನೂ ಹಗ್ಗಕ್ಕೆ ಕೈ ಹಾಕಿದೆ. ಮುಂದಿದ್ದ ಮುದುಕರು ತಿರುಗಿ ನೋಡಿ ಎಲ್ಲಿಯವರೆಂದು ಕೇಳಿದರು. ನಾಗಮಂಗಲದ ಕಡೆ ಎಂದೆ. ಅದು ಎಲ್ಲಿ ಬರುತ್ತದೆಂದು ಅವರಿಗೆ ಹೊಳೆಯಲಿಲ್ಲ, ಕೇಳುವ ಪುರುಸೊತ್ತೂ ಇರಲಿಲ್ಲ. ಬಲೆ ಬಂತು, ಒಂದು ಬುಟ್ಟಿ ತಾರ್ಲೆ, ನಾಲ್ಕು ಬಂಗಡೆ. ಇಷ್ಟು ಉದ್ದ ದಂಡೆ ಇದೆಯಲ್ಲ, ಆ ಕಡೆ ಯಾಕೆ ಬಿಡಲಿಲ್ಲ ಎಂದು ಕೇಳಿದೆ. ನೋಡಲು ಈ ಕಡೆಗೂ ಆ ಕಡೆಗೂ ವ್ಯತ್ಯಾಸವೇ ಇರಲಿಲ್ಲ, ಅದೇ ನೀರು, ಅದೇ ಬಿಳಿ ನೊರೆ.

“ಅಲ್ಲಿ ಅಡಿಗೆ ಕಲ್ಲುಂಟು. ಬಲೆ ಹರೀತದೆ,” ಎಂದರು.

ಕಾಣಿಸುವುದಿಲ್ಲವಲ್ಲ ಎಂದೆ.

ಅವರು ಬುಟ್ಟಿ ಕೆಳಗಿಟ್ಟು, ನೀರಿಗೆ ನಾಲ್ಕು ಹೆಜ್ಜೆ ಇಳಿದು, ಅಲೆ ಬಂದು ಹೋಗುವ ತನಕ ಕಾದು, ನನ್ನನ್ನೂ ಕರೆದರು. ಚಪ್ಪಲಿ ಬಿಚ್ಚಿ ಬನ್ನಿ ಎಂದರು.